ಬಾಟಲಿ ಬೀಳುವಾಗ ನೀರು ಯಾಕೆ ನಿಂತಿತು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಫಿಸಿಕ್ಸ್ ಕಲಿಸುತ್ತೇನೆ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರಲ್ಲ, ಅವರು ಅಲ್ಲಿ ಮೊಳಕೆ ಬರಿಸಿದ ಹೆಸರು, ಮೆಂತೆ ಧಾರವಾಡದವರ ಪ್ರಯೋಗ ಅಂತ ಕ್ಲಾಸಿನಲ್ಲಿ ಖುಷಿಯಿಂದ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ, ವರ್ಷಗಳಿಂದ ಬಾಯಿಪಾಠವಾಗಿದ್ದ ಸಾಲೂ ಬಂತು: ಅಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ. ಒಬ್ಬಳು ಕೈ ಎತ್ತಿದಳು. "ಅಲ್ಲಿಯೇ ಗುರುತ್ವ ಇಲ್ಲದಿದ್ದರೆ ಇನ್ನೂ ಆಚೆ ಇರುವ ಚಂದ್ರನನ್ನು ಹಿಡಿದಿಟ್ಟಿರುವುದು ಯಾರು ಸರ್?"

ನಾಳೆ ಹೇಳುತ್ತೇನೆ ಅಂದೆ.

ರಾತ್ರಿ ಲೆಕ್ಕ ಮಾಡಿದೆ. ನಿಲ್ದಾಣ ಇರುವುದು ಸುಮಾರು 400 ಕಿಮೀ ಮೇಲೆ. ಕಾಸರಗೋಡಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದಷ್ಟು ದೂರ, ಅಷ್ಟೇ. ನೆಲದಲ್ಲಿ 9.8 ಇರುವ g, ಅಂದರೆ ಗುರುತ್ವದ ಎಳೆತದ ಅಳತೆ, ಅಲ್ಲಿ ಸುಮಾರು 8.7. ಅಷ್ಟು ಎತ್ತರದ ಗೋಪುರ ಕಟ್ಟಿ ಅದರ ತುದಿಯಲ್ಲಿ ನಾನು ನಿಂತರೆ 62 ಕಿಲೋದವನು 55 ತೂಗಬಹುದು. ತೇಲುವುದಂತೂ ಇಲ್ಲ. ಹಾಗಾದರೆ ಅವರು ತೇಲುವುದು ಹೇಗೆ?

ಪುಸ್ತಕ ಮುಚ್ಚಿಟ್ಟು ತೂಕ ನೋಡುವ ಮೆಶಿನ್ ಹಿಡಿದೆ. ಮಂಗಳೂರಿನಲ್ಲಿ ಭಾವನ ಫ್ಲ್ಯಾಟಿನ ಲಿಫ್ಟಿಗೆ ಅದನ್ನು ಹೊತ್ತುಕೊಂಡು ಹೋದೆ. ವಾಚ್‌ಮ್ಯಾನ್ ನನ್ನನ್ನು ನೋಡಿದ ನೋಟ ಇಲ್ಲಿ ಬೇಡ. ಮೊದಲ ಸಲ ಡಿಜಿಟಲ್ ಮೆಶಿನ್ ಒಯ್ದದ್ದು ದಂಡ, ಅದು ಒಮ್ಮೆ ಅಂಕೆ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಮುಳ್ಳಿನದ್ದೇ ಆಗಬೇಕು. ಲಿಫ್ಟ್ ಮೇಲಕ್ಕೆ ಹೊರಟ ಕ್ಷಣ ಮುಳ್ಳು 66 ದಾಟಿತು, ನಡುವೆ ಒಂದೇ ವೇಗದಲ್ಲಿ ಹೋಗುವಾಗ 62ಕ್ಕೇ ಬಂತು, ಕೆಳಕ್ಕೆ ಹೊರಟಾಗ 58ರ ಹತ್ತಿರ ಇಳಿಯಿತು. ಆ ಎರಡು ಸೆಕೆಂಡಿನಲ್ಲಿ ಭೂಮಿಯ ಎಳೆತ ಬದಲಾಗಲಿಲ್ಲ, ನಾನೂ ಸಪೂರ ಆಗಲಿಲ್ಲ. ಬದಲಾದದ್ದು ಮೆಶಿನ್ ನನ್ನ ಕಾಲನ್ನು ಮೇಲಕ್ಕೆ ಒತ್ತುವ ಬಲ ಮಾತ್ರ. ನಮಗೆ ತೂಕ ಅಂತ ಅನಿಸುವುದು ಆ ಒತ್ತುವಿಕೆ. ಎಳೆತ ನಮಗೆ ಗೊತ್ತೇ ಆಗುವುದಿಲ್ಲ.

(ಪಕ್ಕದ ಮಲಯಾಳ ಮಾಧ್ಯಮದ ಕ್ಲಾಸಿನಲ್ಲಿ ದ್ರವ್ಯರಾಶಿಗೆ ಪಿಂಡ ಅನ್ನುತ್ತಾರೆ, ತೂಕಕ್ಕೆ ಭಾರ. ನಮ್ಮ ಮಕ್ಕಳಿಗೆ ಪಿಂಡ ಅಂದರೆ ಕಾಗೆಯೇ ನೆನಪಾಗುವುದು. ಆದರೆ ಆ ನಗುವಿನಿಂದಾಗಿ ಎರಡೂ ಬೇರೆ ಬೇರೆ ಅಂತ ಚೆನ್ನಾಗಿ ನೆನಪಿರುತ್ತದೆ.)

ಲಿಫ್ಟಿನ ಹಗ್ಗ ತುಂಡಾದರೆ ಮುಳ್ಳು ಸೊನ್ನೆಗೆ ಬರಬೇಕು, ಅಲ್ವಾ? ಅದನ್ನು ತೋರಿಸುವುದಕ್ಕೆ ಬಾಟಲಿ ಸಾಕು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಬಿಸಿ ಮೊಳೆಯಿಂದ ಬೆಂಕಿಕಡ್ಡಿ ಹೋಗುವಷ್ಟು ತೂತು ಮಾಡಿದೆ. ಕೆಂಪು ಇಂಕು ಬೆರೆಸಿದ ನೀರು, ಕೆಳಗೆ ಅಡಿಕೆ ಸಿಪ್ಪೆ ತುಂಬಿದ ಎರಡು ಗೋಣಿ. ಮಹಡಿಯಿಂದ ಬಿಟ್ಟೆ. ನೀರು ಸೋರಲಿಲ್ಲ! ಚಪ್ಪಾಳೆ. ಆಗ ಹಿಂದಿನ ಬೆಂಚಿನ ಒಬ್ಬ, "ಸರ್, ಮುಚ್ಚಳ ಹಾಕಿಯೇ ಬಿಟ್ಟಿರಿ. ಹಾಗಾದರೆ ಸುಮ್ನೆ ಹಿಡಿದರೂ ಸೋರುವುದಿಲ್ಲ" ಅಂದ. ಸರಿಯೇ. ಮುಚ್ಚಿದ ಬಾಟಲಿಯ ನೀರನ್ನು ಹೊರಗಿನ ಗಾಳಿಯ ಒತ್ತಡವೇ ತಡೆಯುತ್ತದೆ.

ಮುಚ್ಚಳ ತೆಗೆದು ಮತ್ತೆ ಬಿಟ್ಟೆವು, ಮೊಬೈಲಿನಲ್ಲಿ ಸ್ಲೋ ಮೋಶನ್ ಹಾಕಿಕೊಂಡು. ಸುಮಾರು 4 ಮೀಟರ್ ಎತ್ತರ, ಬೀಳಲು 0.9 ಸೆಕೆಂಡು. ಕೈಯಲ್ಲಿರುವಾಗ ಚಿಮ್ಮುತ್ತಿದ್ದ ಕೆಂಪು ಎಳೆ, ಬಿಟ್ಟ ಕೂಡಲೇ ಕತ್ತರಿಸಿದ ಹಾಗೆ ನಿಂತಿತು. ಕೈಯಲ್ಲಿರುವಾಗ ಮೇಲಿನ ನೀರು ಕೆಳಗಿನ ನೀರಿನ ಮೇಲೆ ಕೂತಿರುತ್ತದೆ, ಆ ಒತ್ತಡಕ್ಕೆ ತೂತಿನಿಂದ ಹೊರಗೆ ಬರುತ್ತದೆ. ಬೀಳುವಾಗ ಮೇಲಿನದೂ ಕೆಳಗಿನದೂ ಬಾಟಲಿಯೂ ಒಟ್ಟಿಗೆ ಬೀಳುತ್ತವೆ. ಯಾರೂ ಯಾರನ್ನೂ ಹೊರುವುದಿಲ್ಲ.

ನಿಜವಾದ ಜಗಳ ಶುರುವಾದದ್ದು ಆಮೇಲೆ. ಬಾಟಲಿಯನ್ನು ಮೇಲಕ್ಕೆ ಎಸೆದರೆ? ಹೋಗುವಾಗ ಸೋರುತ್ತದೆ, ಬರುವಾಗ ನಿಲ್ಲುತ್ತದೆ ಅಂತ ಹೆಚ್ಚಿನವರು ಹೇಳಿದರು. ನಿಜ ಹೇಳುತ್ತೇನೆ, ನನಗೂ ಮನಸ್ಸಿನೊಳಗೆ ಹಾಗೇ ಅನಿಸಿತ್ತು. ಎಸೆದು ವಿಡಿಯೋ ನೋಡಿದೆವು. ಕೈ ತಳ್ಳುತ್ತಿರುವಾಗ ನೀರು ಇನ್ನೂ ಜೋರು, ಕೈ ಬಿಟ್ಟ ಕ್ಷಣದಿಂದಲೇ ಬಂದ್, ಮೇಲೆ ಹೋಗುವಾಗಲೂ. ದಿಕ್ಕು ಯಾವುದೇ ಇರಲಿ, ಗುರುತ್ವ ಬಿಟ್ಟು ಬೇರೇನೂ ಅದನ್ನು ತಳ್ಳುತ್ತಿಲ್ಲ ಅಂದರೆ ಅದು ಬೀಳುತ್ತಿದೆ ಅಂತಲೇ ಲೆಕ್ಕ. ಈ ಒಂದು ವಿಡಿಯೋ ನನಗೆ ಇಡೀ ಪಾಠಕ್ಕಿಂತ ಜಾಸ್ತಿ ಕಲಿಸಿತು.

ಅಲ್ಲಿಂದ ಚಂದ್ರನ ಪ್ರಶ್ನೆ ಸುಲಭ. ಬೇಕಲ ಕೋಟೆಯಿಂದ ಸಮುದ್ರದ ಕಡೆಗೆ ಅಡ್ಡಕ್ಕೆ ಒಂದು ಗುಂಡು ಹಾರಿಸಿದೆವು ಅಂತಿಟ್ಟುಕೊಳ್ಳಿ, ಗಾಳಿಯ ತಡೆ ಇಲ್ಲ. ಮೊದಲ ಸೆಕೆಂಡಿನಲ್ಲಿ ಅದು 5 ಮೀಟರ್ ಬೀಳುತ್ತದೆ. ಭೂಮಿ ಉರುಟಲ್ಲವೇ, 8 ಕಿಮೀ ಹೋಗುವಷ್ಟರಲ್ಲಿ ಅದೂ 5 ಮೀಟರ್ ಕೆಳಗೆ ಬಾಗಿರುತ್ತದೆ. ಸೆಕೆಂಡಿಗೆ 8 ಕಿಮೀ ವೇಗದಲ್ಲಿ ಹೋದರೆ ಬೀಳುತ್ತಲೇ ಇರುತ್ತದೆ, ನೆಲ ಸಿಗುವುದಿಲ್ಲ. ನಿಲ್ದಾಣ ಮಾಡುವುದೂ ಅದನ್ನೇ, ಸೆಕೆಂಡಿಗೆ ಸುಮಾರು 7.7 ಕಿಮೀ, ಒಂದೂವರೆ ಗಂಟೆಗೆ ಒಂದು ಸುತ್ತು. ಒಳಗಿರುವವರೂ ಅದರ ಜೊತೆಗೇ ಬೀಳುತ್ತಾರೆ, ಬಾಟಲಿಯ ನೀರಿನ ಹಾಗೆ, ಅದಕ್ಕೇ ತೇಲುವುದು. ಚಂದ್ರನೂ ಹಾಗೇ ಬೀಳುತ್ತಿದ್ದಾನೆ, ನಿಧಾನಕ್ಕೆ. ನಮ್ಮ ಹುಡುಗರು ಮದಕಕ್ಕೆ (ಕೆರೆಗೆ) ಹಾರುವಾಗ ಹೊಟ್ಟೆಯಲ್ಲಿ ಜುಂ ಅನ್ನುವುದೂ ಇದೇ, ಅರ್ಧ ಸೆಕೆಂಡಿನದ್ದು.

ಹಳೆಯ ಬ್ಯಾಚಿನವರಿಗೆ ತಪ್ಪು ಹೇಳಿದ್ದು ಹಾಗೇ ಉಳಿದಿದೆ. ಕುಂಬಳೆ ಪೇಟೆಯಲ್ಲಿ ಒಬ್ಬ ಸಿಕ್ಕಾಗ ವಿಷಯ ತೆಗೆದೆ. "ಅದು ಪರೀಕ್ಷೆಗೆ ಬಂದಿತ್ತು ಸರ್, ನೀವು ಹೇಳಿದ ಹಾಗೇ ಬರೆದೆ, ಮಾರ್ಕೂ ಸಿಕ್ಕಿತ್ತು" ಅಂದ. ಆ ಪೇಪರು ತಿದ್ದಿದವನೂ ನಾನೇ.