ಇಂಡಿಯನ್ ಫಿಲಾಸಫಿಕಲ್ ಕಾಂಗ್ರೆಸ್‌ಗೆ ಮೊದಲ ಸಲ ಪೇಪರ್ ಒಯ್ಯುವವರಿಗೆ

ಫಿಲಾಸಫಿಯಲ್ಲಿ ಎಂ.ಎ. ಮುಗಿಸಿ ಪಿಎಚ್‌.ಡಿ.ಗೆ ಸೇರಿದವರು ಸಿಕ್ಕಾಗೆಲ್ಲ ನಾನು ಕೇಳುವುದು ಒಂದೇ: ನಿಮ್ಮ ಬರಹವನ್ನು ಗೈಡ್ ಬಿಟ್ಟು ಬೇರೆ ಯಾರು ಓದಿದ್ದಾರೆ? ಹೆಚ್ಚಿನವರ ಉತ್ತರ, ಯಾರೂ ಇಲ್ಲ. ನಮ್ಮ ವಿಭಾಗಗಳು ಚಿಕ್ಕವು. ನಾಲ್ಕೈದು ಜನ ಮೇಷ್ಟ್ರು, ಅಷ್ಟೇ ವಿದ್ಯಾರ್ಥಿಗಳು, ಅದರಲ್ಲೂ ಒಬ್ಬೊಬ್ಬರದು ಒಂದೊಂದು ವಿಷಯ. "ಇಲ್ಲಪ್ಪಾ, ಈ ವಾದ ಇಲ್ಲಿ ನಿಲ್ಲಲ್ಲ" ಎಂದು ಹೇಳುವ ಅಪರಿಚಿತರು ಸಿಗಬೇಕಾದರೆ ಊರು ಬಿಟ್ಟು ಹೋಗಲೇಬೇಕು. ಹಾಗೆ ಹೋಗುವುದಕ್ಕೆ ಇರುವ ಹಳೆಯ ಜಾಗ ಇಂಡಿಯನ್ ಫಿಲಾಸಫಿಕಲ್ ಕಾಂಗ್ರೆಸ್, ಅಂದರೆ ದೇಶದ ಫಿಲಾಸಫಿಯವರೆಲ್ಲ ಸೇರಿ ತಮ್ಮ ಪೇಪರ್ ಓದಿ ಚರ್ಚಿಸುವ ಸಮ್ಮೇಳನ.

ಇದು ಶುರುವಾದದ್ದು 1925ರಲ್ಲಿ, ಕಲ್ಕತ್ತದಲ್ಲಿ. ಮುಂದೆ ನಿಂತು ಕಟ್ಟಿದವರಲ್ಲಿ ರಾಧಾಕೃಷ್ಣನ್ ಮುಖ್ಯರು. ಅದಕ್ಕೆ ಕೆಲವೇ ವರ್ಷ ಮೊದಲು ಅವರು ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿ ಕರೆದದ್ದು ಪ್ರೊಫೆಸರ್ ಒಬ್ಬರನ್ನಲ್ಲ, ರವೀಂದ್ರನಾಥ ಠಾಕೂರರನ್ನು. ಅವರು ಅಲ್ಲಿ ಮಾತಾಡಿದ್ದು ಹಳ್ಳಿಯ ಜನರ ತತ್ತ್ವದ ಬಗ್ಗೆ, ಬಂಗಾಳದ ಅಲೆಮಾರಿ ಹಾಡುಗಾರ ಸಾಧಕರಾದ ಬಾವುಲರ ಹಾಡುಗಳ ಬಗ್ಗೆ. ಈ ಸಂಗತಿ ನಿಮಗೆ ಧೈರ್ಯ ಕೊಡಬೇಕು. ವಚನ, ತತ್ತ್ವಪದ, ದಾಸರ ಪದ ಇಟ್ಟುಕೊಂಡು ಕೆಲಸ ಮಾಡುವವರು "ಇದು ಸಾಹಿತ್ಯ ಅಲ್ವಾ, ಫಿಲಾಸಫಿಯವರು ಒಪ್ಪುತ್ತಾರಾ" ಎಂದು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಮೊದಲ ದಿನವೇ ಆ ಬಾಗಿಲು ತೆರೆದಿದೆ.

ಮುಂದಿನ ಹೆಜ್ಜೆಗೆ ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಐಸಿಪಿಆರ್ (ಇಂಡಿಯನ್ ಕೌನ್ಸಿಲ್ ಆಫ್ ಫಿಲಾಸಫಿಕಲ್ ರಿಸರ್ಚ್) ಬೇರೆ, ಕಾಂಗ್ರೆಸ್ ಬೇರೆ. ಐಸಿಪಿಆರ್ 1977ರಲ್ಲಿ ಕೇಂದ್ರ ಸರ್ಕಾರ ಹುಟ್ಟುಹಾಕಿದ ಪರಿಷತ್ತು. ಫೆಲೋಶಿಪ್, ವಿಚಾರ ಸಂಕಿರಣಗಳಿಗೆ ಹಣ ಎಲ್ಲ ಅಲ್ಲಿಂದ ಬರುತ್ತದೆ. ಕಾಂಗ್ರೆಸ್ ಅನ್ನುವುದು ಫಿಲಾಸಫಿ ಓದುವ, ಕಲಿಸುವ ಜನರೇ ಸದಸ್ಯರಾಗಿ ನಡೆಸುವ ಸಂಘ. ಫೆಲೋಶಿಪ್ ಬೇಕಿದ್ದರೆ ಅತ್ತ ಅರ್ಜಿ ಹಾಕಿ, ಕೇಳುವ ಕಿವಿ ಬೇಕಿದ್ದರೆ ಇತ್ತ ಬನ್ನಿ. ಹಿಂದಿಯಲ್ಲಿ ಸಲೀಸಾಗಿ ಬರೆಯುವವರಿಗೆ ಅಖಿಲ ಭಾರತೀಯ ದರ್ಶನ ಪರಿಷತ್ ಎಂಬ ಇನ್ನೊಂದು ಸಂಘವೂ ಇದೆ.

ಅಧಿವೇಶನವನ್ನು ಒಂದೊಂದು ಸಲ ಒಂದೊಂದು ವಿಶ್ವವಿದ್ಯಾಲಯ ನಡೆಸಿಕೊಡುತ್ತದೆ. ಸುತ್ತೋಲೆ ನಿಮ್ಮ ವಿಭಾಗಕ್ಕೆ ಬಂದು ಯಾರದೋ ಮೇಜಿನ ಮೇಲೆ ಕೂತಿರಬಹುದು, ಆದ್ದರಿಂದ ಆಫೀಸಿನಲ್ಲಿ ನೀವೇ ಹೋಗಿ ಕೇಳಿ. ಸದಸ್ಯತ್ವದ ಹಣ, ಪ್ರತಿನಿಧಿ ಶುಲ್ಕ, ಪೇಪರಿನ ಸಾರಾಂಶ ಕಳಿಸುವ ಕೊನೆಯ ದಿನ ಎಲ್ಲ ಅದರಲ್ಲಿರುತ್ತದೆ. ರೈಲಿನ ಖರ್ಚು ನಿಮ್ಮದೇ ಎಂದುಕೊಂಡು ಹೊರಡಿ. ಮುಂದೆಯೂ ಇದೇ ಓದಿನಲ್ಲಿ ಇರುತ್ತೀರಿ ಅನ್ನುವುದು ಖಚಿತವಾಗಿದ್ದರೆ ಆಜೀವ ಸದಸ್ಯತ್ವ ತೆಗೆದುಕೊಳ್ಳುವುದೇ ಒಳ್ಳೆಯದು.

ಪೇಪರ್‌ಗಳನ್ನು ವಿಭಾಗವಾರು ಓದಿಸುತ್ತಾರೆ: ತತ್ತ್ವಶಾಸ್ತ್ರದ ಇತಿಹಾಸ, ತರ್ಕ ಮತ್ತು ವೈಜ್ಞಾನಿಕ ವಿಧಾನ, ನೀತಿ ಮತ್ತು ಸಮಾಜ, ಮೆಟಫಿಸಿಕ್ಸ್ (ಇರುವಿಕೆಯ ಮೂಲಸ್ವರೂಪದ ವಿಚಾರ), ಧರ್ಮದ ತತ್ತ್ವಶಾಸ್ತ್ರ, ಹೀಗೆ. ಪ್ರತಿ ವಿಭಾಗಕ್ಕೂ ಒಬ್ಬ ಅಧ್ಯಕ್ಷರು. ಇಲ್ಲಿ ನಮ್ಮವರು ಪದೇ ಪದೇ ಎಡವುತ್ತಾರೆ. ವಚನ ಅಂದ ಕೂಡಲೇ ಧರ್ಮದ ವಿಭಾಗಕ್ಕೆ ಕಳಿಸಿಬಿಡುತ್ತಾರೆ. ನಿಮ್ಮ ಪಠ್ಯ ಯಾವುದು ಅಂತ ನೋಡಬೇಡಿ, ನಿಮ್ಮ ಪ್ರಶ್ನೆ ಯಾವುದು ಅಂತ ನೋಡಿ. ಕಾಯಕದ ಬಗ್ಗೆ ಬರೆದು, ಕೂಲಿ ಎಷ್ಟಿದ್ದರೆ ನ್ಯಾಯ ಎಂದು ಕೇಳುತ್ತಿದ್ದರೆ ಅದು ನೀತಿಯ ವಿಭಾಗದ್ದು. ಅಲ್ಲಿ ಕೂತವರು ಕೇಳುವ ಪ್ರಶ್ನೆಗಳೇ ಬೇರೆ, ನಿಮಗೆ ಬೇಕಾದವೂ ಅವೇ.

ಇನ್ನು ಸಾರಾಂಶ. ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೇ. ನನ್ನ ಮೊದಲ ಸಾರಾಂಶ "12ನೇ ಶತಮಾನದ ಶರಣರು ಅರಿವಿಗೆ ಮಹತ್ವ ಕೊಟ್ಟರು" ಎಂದು ಶುರುವಾಗಿತ್ತು. ಅದನ್ನು ಓದಿದ ಹಿರಿಯರೊಬ್ಬರು, "ಇದನ್ನು ಯಾರಾದರೂ ಅಲ್ಲಗಳೆಯುತ್ತಾರಾ?" ಎಂದರು. ಯಾರೂ ಅಲ್ಲಗಳೆಯದ ಮಾತಿಗೆ ಅಷ್ಟು ದೂರ ಯಾಕೆ ಹೋಗಬೇಕು? ಎರಡು ವಾರ ಅದರ ಜೊತೆಗೇ ಒದ್ದಾಡಿದೆ. ಆಮೇಲೆ ಬಂದ ಸಾಲು ಇದು: "ಅರಿವಿನ ಎದುರಿಗೆ ವಚನಕಾರರು ಇಡುವ ಪದ ಮರೆವು. ಹಾಗಿದ್ದರೆ ಅರಿವು ಎಂದರೆ ಇಲ್ಲದ್ದನ್ನು ಗಳಿಸುವುದಲ್ಲ, ಇರುವುದನ್ನು ಕೈಬಿಡದೆ ಇರುವುದು." ಈ ಮಾತು ತಪ್ಪಿರಬಹುದು. ತಪ್ಪು ಎಂದು ಯಾರಾದರೂ ವಾದಿಸಬಹುದು. ನಿಮ್ಮ ಸಾರಾಂಶದಲ್ಲಿ ಅಂಥದ್ದೊಂದು ಸಾಲು ಇರಲೇಬೇಕು, ಅದೂ ಮೊದಲ ಮೂರು ವಾಕ್ಯದೊಳಗೆ.

ಪೇಪರ್ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ, ಹಿಂದಿಯಲ್ಲೂ ಕೆಲವರು ಓದುತ್ತಾರೆ. ಅರಿವು ಅನ್ನುವುದನ್ನು ನಾಲೆಡ್ಜ್ ಎಂದು ಬದಲಿಸಿದರೆ ಮೇಲಿನ ವಾದ ಅಲ್ಲೇ ಸತ್ತುಹೋಗುತ್ತದೆ, ಯಾಕೆಂದರೆ ನಾಲೆಡ್ಜಿನ ಎದುರು ಪದ ಮರೆವು ಅಲ್ಲ. ಆದ್ದರಿಂದ ವಾದವನ್ನು ಹೊತ್ತು ನಿಂತಿರುವ ಒಂದೆರಡು ಕನ್ನಡ ಪದಗಳನ್ನು ಹಾಗೇ ಇಟ್ಟುಕೊಳ್ಳಿ. ಮೊದಲ ಸಲ ಬಂದಾಗ ಎರಡು ವಾಕ್ಯದಲ್ಲಿ ಬಿಡಿಸಿ ಹೇಳಿ, ಆಮೇಲೆ ಧೈರ್ಯವಾಗಿ ಬಳಸಿ. ಬಂಗಾಳದವರೂ ಕೇರಳದವರೂ ತಮ್ಮ ಪದಗಳಿಗಾಗಿ ಇದನ್ನೇ ಮಾಡುತ್ತಿರುತ್ತಾರೆ, ಚೆನ್ನಾಗಿ ಅರ್ಥವಾಗುತ್ತದೆ.

ಓದುವುದಕ್ಕೆ ಹತ್ತು ನಿಮಿಷ ಸಿಗುತ್ತದೆ ಎಂದೇ ಲೆಕ್ಕ ಹಾಕಿ. ನಾನು 11 ಪುಟ ಒಯ್ದಿದ್ದೆ. ನಾಲ್ಕನೇ ಪುಟದಲ್ಲಿದ್ದಾಗ ಅಧ್ಯಕ್ಷರು ಗಂಟೆ ಒತ್ತಿದರು, ನನ್ನ ವಾದ ಇದ್ದದ್ದು ಏಳನೇ ಪುಟದಲ್ಲಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಗ ಎರಡು ಪ್ರತಿ ಮಾಡಿಕೊಳ್ಳುತ್ತೇನೆ. ಪೂರ್ತಿ ಪೇಪರ್ ಒಂದು, ಓದುವುದಕ್ಕೆ ಮೂರು ಪುಟದ್ದು ಇನ್ನೊಂದು. ಮೂರು ಪುಟದ್ದರಲ್ಲಿ ಹಿನ್ನೆಲೆ ಇಲ್ಲ, ಯಾರು ಏನು ಹೇಳಿದ್ದಾರೆ ಅನ್ನುವ ಪಟ್ಟಿ ಇಲ್ಲ. ಪ್ರಶ್ನೆ, ಒಂದು ವಚನ, ವಾದ, ಅದಕ್ಕೆ ಬರಬಹುದಾದ ದೊಡ್ಡ ಆಕ್ಷೇಪ, ಅಷ್ಟೇ. ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳಿ.

ಪೇಪರ್ ಓದಿ ಸರ್ಟಿಫಿಕೇಟ್ ತೆಗೆದುಕೊಂಡು ಊರು ನೋಡಲು ಹೊರಟುಬಿಡುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ನಂತರ ಓದುವ ಹುಡುಗಿಯೂ ನಿಮ್ಮ ಹಾಗೆಯೇ ಯಾವುದೋ ಊರಿನಿಂದ ಎರಡು ರಾತ್ರಿ ರೈಲಿನಲ್ಲಿ ಬಂದಿರುತ್ತಾಳೆ, ಅವಳ ಮುಂದೆ ಖಾಲಿ ಕುರ್ಚಿ ಇರಬಾರದು. ಕೂತು ಕೇಳಿ, ಒಂದಾದರೂ ನಿಜವಾದ ಪ್ರಶ್ನೆ ಕೇಳಿ. ಒಳ್ಳೆಯ ಮಾತುಕತೆ ನಡೆಯುವುದು ಸಭೆಗಿಂತ ಊಟದ ಸಾಲಿನಲ್ಲೇ ಜಾಸ್ತಿ. ತಟ್ಟೆ ಹಿಡಿದು ನಿಂತಿದ್ದಾಗಲೇ ವಾರಣಾಸಿ ಕಡೆಯ ಒಬ್ಬ ಮೇಷ್ಟ್ರು ನನ್ನನ್ನು ಕೇಳಿದರು: "ಒಂದು ಸಲವೂ ಅರಿಯದೆ ಇದ್ದವನು ಮರೆಯುವುದು ಹೇಗೆ?"

ಉತ್ತರ ಇರಲಿಲ್ಲ. ಹಾಗೇ ಹೇಳಿದೆ, ಪ್ರಶ್ನೆಯನ್ನು ಆಹ್ವಾನ ಪತ್ರಿಕೆಯ ಹಿಂದೆ ಬರೆದುಕೊಂಡೆ, ಅವರ ಇಮೇಲ್ ತೆಗೆದುಕೊಂಡೆ. ನೀವೂ ಜೇಬಿನಲ್ಲಿ ಪೆನ್ನು ಇಟ್ಟುಕೊಂಡಿರಿ. ವಾಪಸ್ ಬಂದ ವಾರದೊಳಗೆ, ಮರೆಯುವ ಮೊದಲು, ಪ್ರಶ್ನೆ ಕೇಳಿದವರಿಗೆ ಒಂದು ಪುಟದ ಉತ್ತರ ಬರೆದು ಕಳಿಸಿ. ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ಶುರುವಾಗುವುದು ಆ ಒಂದು ಪುಟದಿಂದ.