ಮುಂಬಯಿಯಲ್ಲಿ ಒಂದು ವಾರ: ರೂಮಿಗಿಂತ ಮೊದಲು ಸ್ಟೇಷನ್ ಆರಿಸಿ

ಕಳೆದ ಬೇಸಗೆಯಲ್ಲಿ ನನ್ನ ಚಿಕ್ಕಮ್ಮನ ಮಗ ಸಂಸಾರ ಸಮೇತ ಶಿವಮೊಗ್ಗದಿಂದ ಮುಂಬಯಿಗೆ ಬಂದಿದ್ದ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಚಿಕ್ಕಮ್ಮ. ರೂಮು ಹಿಡಿದದ್ದು ಊರಿನ ಉತ್ತರದ ಗಡಿಯಾಚೆಯ ಮೀರಾ ರೋಡಿನಲ್ಲಿ. ಈಜುಕೊಳ ಇತ್ತು, ಬೆಳಗಿನ ತಿಂಡಿ ಉಚಿತವಿತ್ತು, ಆ್ಯಪ್‌ನಲ್ಲಿ ಊರಿನ ಹೆಸರು ಮುಂಬಯಿ ಎಂದೇ ಇತ್ತು. ಮೊದಲ ದಿನ ಗೇಟ್‌ವೇ ಆಫ್ ಇಂಡಿಯಾಕ್ಕೆ ಕಾರಿನಲ್ಲಿ ಹೋಗಿ ಬರುವುದರಲ್ಲೇ ಐದು ತಾಸು ಕಳೆಯಿತು. ಮೂರನೆಯ ದಿನದಿಂದ ಚಿಕ್ಕಮ್ಮ "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದು ರೂಮಿನಲ್ಲೇ ಉಳಿದರು. ಕಡಲು ನೋಡಬೇಕೆಂದು ಬಂದ ಹಿರಿಯ ಜೀವ ನಾಲ್ಕು ದಿನ ಟಿ.ವಿ. ನೋಡಿಕೊಂಡು ವಾಪಸ್ಸಾಯಿತು. ನನ್ನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ.

ಊರಿನಿಂದ ಬರುವವರು ಮತ್ತೆ ಮತ್ತೆ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಬಾಡಿಗೆ ನೋಡುತ್ತಾರೆ, ಫೋಟೊ ನೋಡುತ್ತಾರೆ, ಕೊನೆಗೆ ಜಾಗ ನೋಡುತ್ತಾರೆ. ಮುಂಬಯಿಯಲ್ಲಿ ಈ ಕ್ರಮ ತಿರುವುಮುರುವಾಗಬೇಕು.

1. ನೋಡುವ ಜಾಗಗಳ ಪಟ್ಟಿ

ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ. ದಕ್ಷಿಣದಲ್ಲಿ ಗೇಟ್‌ವೇ, ಎಲಿಫೆಂಟಾ, ವಸ್ತುಸಂಗ್ರಹಾಲಯ, ಮರೀನ್ ಡ್ರೈವ್. ನಡುವೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ನೆಹರೂ ವಿಜ್ಞಾನ ಕೇಂದ್ರ. ಉತ್ತರಕ್ಕೆ ಜುಹೂ, ಬೊರಿವಲಿಯ ಕಾನ್ಹೇರಿ ಗುಹೆಗಳು. ಥಾಣೆಯಲ್ಲೋ ಡೊಂಬಿವಲಿಯಲ್ಲೋ ನೆಂಟರಿದ್ದರೆ ಅದನ್ನೂ ಬರೆಯಿರಿ. ಎಲಿಫೆಂಟಾ ಗುಹೆಗಳಿಗೂ ಕಾನ್ಹೇರಿ ಇರುವ ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರ ರಜೆ. ಸಿದ್ಧಿವಿನಾಯಕನಿಗೆ ಮಂಗಳವಾರ ಜನಸಾಗರ. ಇಷ್ಟು ಸಾಕು, ಗಂಟೆ ಗಂಟೆಯ ವೇಳಾಪಟ್ಟಿ ಬೇಡ.

2. ಯಾವ ಲೈನು, ಯಾವ ಸ್ಟೇಷನ್?

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಬೆಂಗಳೂರು ಮೆಜೆಸ್ಟಿಕ್ಕಿನ ಸುತ್ತ ನಾಲ್ಕೂ ದಿಕ್ಕಿಗೆ ಹರಡಿದ ಊರು. ಮುಂಬಯಿ ಹಾಗಲ್ಲ. ಕಡಲಿನೊಳಕ್ಕೆ ಚಾಚಿದ ಉದ್ದನೆಯ ನಾಲಗೆಯಂಥ ಊರಿದು, ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗೆ. ಅದರ ಉದ್ದಕ್ಕೆ ಲೋಕಲ್ ರೈಲಿನ ಮೂರು ಮುಖ್ಯ ದಾರಿಗಳು. ವೆಸ್ಟರ್ನ್ ಲೈನು ಚರ್ಚ್‌ಗೇಟಿನಿಂದ ಅಂಧೇರಿ, ಬೊರಿವಲಿ, ವಿರಾರ್ ಕಡೆಗೆ. ಸೆಂಟ್ರಲ್ ಲೈನು ಸಿ.ಎಸ್.ಎಂ.ಟಿ.ಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಥಾಣೆ, ಕಲ್ಯಾಣ್ ಕಡೆಗೆ. ಹಾರ್ಬರ್ ಲೈನು ಸಿ.ಎಸ್.ಎಂ.ಟಿ.ಯಿಂದ ವಾಶಿ, ಪನ್ವೇಲ್ ಕಡೆಗೆ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿ ಬಂದರಿನಿಂದ ಥಾಣೆಗೆ ಓಡಿದ 34 ಕಿ.ಮೀ. ದಾರಿಯೇ ಇಂದಿನ ಸೆಂಟ್ರಲ್ ಲೈನಿನ ಬೇರು. ಊರು ಈ ಹಳಿಗಳಿಗೆ ಆತುಕೊಂಡೇ ಬೆಳೆಯಿತು. ಅದಕ್ಕೇ ಇಲ್ಲಿ ಯಾರೂ ಕಿಲೋಮೀಟರ್ ಲೆಕ್ಕ ಹೇಳುವುದಿಲ್ಲ, ಯಾವ ಲೈನು, ಯಾವ ಸ್ಟೇಷನ್, ಹಳಿಯ ಈಸ್ಟೋ ವೆಸ್ಟೋ ಎಂದು ಕೇಳುತ್ತಾರೆ.

ಉದ್ದಕ್ಕೆ ಹೋಗುವುದು ಸುಲಭ, ಅಡ್ಡಕ್ಕೆ ಹೋಗುವುದು ಕಷ್ಟ. ಅಂಧೇರಿಯಿಂದ ಘಾಟ್‌ಕೋಪರಿಗೆ 2014ರಿಂದ ಮೆಟ್ರೊ ಇದೆ. ಅಂಥ ಅನುಕೂಲ ಇಲ್ಲದ ಕಡೆ ನಕ್ಷೆಯಲ್ಲಿ ಬೆರಳಗಲದ ದೂರವೂ ಸಂಜೆ ಹೊತ್ತು ಒಂದೂವರೆ ತಾಸು ತಿನ್ನುತ್ತದೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಲೈನು ಕೈಗೆ ಸಿಗುವ ಜಾಗ ಬೇಕು. ಅದು ದಾದರ್. ವೆಸ್ಟರ್ನ್ ಮತ್ತು ಸೆಂಟ್ರಲ್ ಕೂಡುವುದು ಅಲ್ಲೇ. ಅಲ್ಲಿಂದ ದಕ್ಷಿಣದ ತುದಿ ಹತ್ತು ಕಿ.ಮೀ. ಆಸುಪಾಸು, ಬೊರಿವಲಿಗೂ ಥಾಣೆಗೂ ಗಾಡಿ ಬದಲಿಸಬೇಕಿಲ್ಲ.

ಆದರೆ ಹಿರಿಯರು, ಮಕ್ಕಳು ಜೊತೆಗಿದ್ದರೆ ನನ್ನ ಆಯ್ಕೆ ದಾದರ್ ಅಲ್ಲ, ಅದಕ್ಕಿಂತ ಒಂದೇ ಸ್ಟೇಷನ್ ಆಚೆಯ ಮಾಟುಂಗಾ. ಮಾಟುಂಗಾದಲ್ಲಿ, ಪ್ರತಿ ಸ್ಟೇಷನ್ನಿನಲ್ಲೂ ನಿಂತು ಹೋಗುವ ಸ್ಲೋ ಲೋಕಲ್‌ಗಳು ಮಾತ್ರ ನಿಲ್ಲುತ್ತವೆ. ಕೇಳಿದವರು ಇದು ಕೊರತೆ ಎಂದುಕೊಳ್ಳುತ್ತಾರೆ. ನನಗೆ ಅದೇ ದೊಡ್ಡ ಅನುಕೂಲ: ಫಾಸ್ಟ್ ಗಾಡಿಯ ನೂಕುನುಗ್ಗಲು ಪ್ಲಾಟ್‌ಫಾರ್ಮಿಗೆ ಬರುವುದಿಲ್ಲ, ಸಿ.ಎಸ್.ಎಂ.ಟಿ.ಗೆ ಹೆಚ್ಚೆಂದರೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ವೆಸ್ಟರ್ನ್ ಬೇಕಾದರೆ ಮಾಟುಂಗಾ ರೋಡ್, ಹಾರ್ಬರ್ ಬೇಕಾದರೆ ಕಿಂಗ್ಸ್ ಸರ್ಕಲ್, ಎರಡೂ ಹತ್ತಿರವೇ. ವಾಶಿ, ಪನ್ವೇಲಿಗೆ ಮಾತ್ರ ವಡಾಲಾದಲ್ಲಿ ಗಾಡಿ ಬದಲಿಸಬೇಕು. ಬೆಳಿಗ್ಗೆ ಎದ್ದು ಬೀದಿಗಿಳಿದರೆ ರಾಮಾಶ್ರಯ, ಕೆಫೆ ಮೈಸೂರು. ಮಧ್ಯಾಹ್ನಕ್ಕೆ ಸ್ಟೇಷನ್ ಪಕ್ಕದಲ್ಲೇ 1942ರಿಂದ ಬಾಳೆಎಲೆ ಊಟ ಬಡಿಸುತ್ತಿರುವ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್. ಅಂಗಡಿಯವರು ಕನ್ನಡದಲ್ಲೋ ತುಳುವಿನಲ್ಲೋ ಉತ್ತರ ಕೊಟ್ಟಾಗ ಅಜ್ಜಿ-ತಾತಂದಿರ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ಕಾರಣಕ್ಕೇ ತಿಂಡಿ ಸೇರಿಸಿದ ರೂಮು ಹಿಡಿಯಲೇಬೇಡಿ. ಆ ದುಡ್ಡು ದಂಡ. ಮಾಟುಂಗಾದಲ್ಲಿ ಲಾಡ್ಜುಗಳು ಕಡಿಮೆ. ಸಿಗದಿದ್ದರೆ ದಾದರ್ ಈಸ್ಟಿನಲ್ಲಿ ಹುಡುಕಿ, ಹಿಂದೂ ಕಾಲನಿಯ ಕಡೆ. ದಾದರ್ ವೆಸ್ಟ್ ಬೇಡ. ಸ್ಟೇಷನ್ನಿಗೆ ಅಂಟಿಕೊಂಡೇ ಹೂವಿನ ಸಂತೆ, ಬಟ್ಟೆ ಅಂಗಡಿಗಳ ಸಾಲು, ಸೂಟ್‌ಕೇಸ್ ಎಳೆದುಕೊಂಡು ದಾಟುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಹಳೆಯ ಕಟ್ಟಡಗಳನ್ನು ನೋಡುವುದಕ್ಕೆಂದೇ ಬರುವ ಇಬ್ಬರಿಗೆ ಫೋರ್ಟ್ ಅಥವಾ ಕೊಲಾಬಾ ಒಳ್ಳೆಯದು. ಎಲ್ಲವೂ ಕಾಲ್ನಡಿಗೆಯಲ್ಲಿ ಆಗುತ್ತದೆ. ಅದೇ ಬಾಡಿಗೆಗೆ ರೂಮು ಚಿಕ್ಕದಾಗಿರುತ್ತದೆ ಅಷ್ಟೇ. ವಿಮಾನ ನಿಲ್ದಾಣದ ಹತ್ತಿರ ಉಳಿಯುವುದು ಬೆಳಗಿನ ಜಾವ ವಿಮಾನ ಹತ್ತಬೇಕಾದ ಕೊನೆಯ ರಾತ್ರಿಗೆ ಮಾತ್ರ. ಅಕ್ವಾ ಲೈನ್ ಎನ್ನುವ ಮೂರನೇ ಮೆಟ್ರೊ 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ತನಕ ಪೂರ್ತಿಯಾದ ಮೇಲಂತೂ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ನಿಂದ ದಾದರ್, ಸಿದ್ಧಿವಿನಾಯಕ, ಸಿ.ಎಸ್.ಎಂ.ಟಿ., ಚರ್ಚ್‌ಗೇಟಿಗೆ ನೆಲದಡಿಯಲ್ಲೇ ತಣ್ಣಗೆ ಹೋಗಬಹುದು. ಮೀರಾ ರೋಡ್, ವಸಯಿ, ಪನ್ವೇಲ್ ಇವು ಅಲ್ಲಿ ಕೆಲಸ ಇದ್ದವರಿಗೆ.

"ಅಲ್ಲಿ ದಿನಕ್ಕೆ ಸಾವಿರ ರೂಪಾಯಿ ಕಡಿಮೆ" ಎನ್ನುವವರಿಗೆ ಒಂದು ಲೆಕ್ಕ. ಐದು ಜನ ಲೋಕಲ್ ಹತ್ತಲು ಹೆದರಿ ದಿನಾ ಕಾರು ಮಾಡಿದರೆ ಆ ಸಾವಿರ ಒಂದೇ ಕಡೆಯ ದಾರಿಗೂ ಸಾಲುವುದಿಲ್ಲ. ಹೋಗಿ ಬರಲು ದಿನಕ್ಕೆ ನಾಲ್ಕು ತಾಸಾದರೆ ಏಳು ದಿನಕ್ಕೆ 28 ತಾಸು. ವಾರದ ರಜೆಯಲ್ಲಿ ಒಂದು ದಿನಕ್ಕೂ ಮಿಕ್ಕಿ ರಸ್ತೆಯಲ್ಲೇ ಹೋಯಿತು.

ಲೋಕಲ್ ಹತ್ತುವ ಹೆದರಿಕೆಗೂ ಮದ್ದಿದೆ. ಬೆಳಿಗ್ಗೆ ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಉತ್ತರಕ್ಕೆ. ನೀವು ಹತ್ತೂವರೆಯ ಮೇಲೆ ಹೊರಟು, ಸಂಜೆ ಐದರೊಳಗೆ ಇಲ್ಲವೇ ಎಂಟೂವರೆಯ ನಂತರ ಮರಳಿ. ದಕ್ಷಿಣದಿಂದ ಮರಳುವಾಗ ಗಾಡಿ ಹೊರಡುವುದೇ ಚರ್ಚ್‌ಗೇಟ್ ಇಲ್ಲವೇ ಸಿ.ಎಸ್.ಎಂ.ಟಿ.ಯಿಂದ, ಸ್ವಲ್ಪ ಮುಂಚೆ ಹೋದರೆ ಸೀಟು ಸಿಗುತ್ತದೆ. ಸ್ಲೋ ಗಾಡಿಯನ್ನೇ ಹತ್ತಿ. ದಾದರಿನಲ್ಲಿ ಇಳಿಯುವವರು ಸಂಜೆಯ ವಿರಾರ್ ಫಾಸ್ಟ್ ಹತ್ತಬಾರದು. ದೂರ ಹೋಗುವವರು ಬಾಗಿಲು ತುಂಬಿ ನಿಂತಿರುತ್ತಾರೆ, ಹೊಸಬರಿಗೆ ಇಳಿಯಲು ಆಗುವುದೇ ಇಲ್ಲ. ಹೆಂಗಸರಿಗೆ ಬೇರೆ ಡಬ್ಬಿ ಇದೆ, ಆದರೆ ಮನೆಯವರು ಬೇರೆ ಬೇರೆ ಡಬ್ಬಿ ಹತ್ತುವ ಮುಂಚೆ ಇಳಿಯುವ ಸ್ಟೇಷನ್ನಿನ ಹೆಸರು ಎಲ್ಲರ ಬಾಯಲ್ಲೂ ಇರಬೇಕು. ಭಾನುವಾರ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ, ಎಂದರೆ ಕೆಲವು ತಾಸು ಆ ಹಳಿಯಲ್ಲಿ ಗಾಡಿ ಓಡುವುದಿಲ್ಲ, ಯಾವ ಲೈನಿಗೆ ಎಂದು ಹಿಂದಿನ ದಿನವೇ ತಿಳಿದುಕೊಳ್ಳಿ.

3. ಆ ಸ್ಟೇಷನ್ನಿನಿಂದ ಬಾಗಿಲ ತನಕ

‘ಸ್ಟೇಷನ್ನಿನಿಂದ ಐದು ನಿಮಿಷ’ ಎಂಬ ಜಾಹೀರಾತನ್ನು ನಂಬಬೇಡಿ. ಅಂಧೇರಿ ಈಸ್ಟ್ ಎಂಬ ವಿಳಾಸ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲೂ ಇರಬಹುದು, ಸಾಕಿನಾಕಾದ ತನಕವೂ ಹೋಗಬಹುದು. ಹೀಗೆ ಪರೀಕ್ಷೆ ಮಾಡಿ: ನಕ್ಷೆಯ ಆ್ಯಪ್‌ನಲ್ಲಿ ಹೋಟೆಲಿನ ವಿಳಾಸ ಹಾಕಿ, ಸ್ಟೇಷನ್ನಿನಿಂದ ನಡೆಯುವ ದಾರಿ ಕೇಳಿ. ದಾರಿ ಹಳಿ ದಾಟುತ್ತದೆಯೇ ನೋಡಿ. ದಾಟಿದರೆ ಬ್ರಿಜ್ ಹತ್ತಿ ಇಳಿಯಬೇಕು ಎಂದರ್ಥ, ಮಂಡಿ ನೋವಿನವರಿಗೆ ದಿನಕ್ಕೆರಡು ಸಲ ಅದು ಶಿಕ್ಷೆ. ಆಮೇಲೆ ಅಲ್ಲಿಂದ ಗೇಟ್‌ವೇಗೆ ಕಾರಿನ ದಾರಿ ಕೇಳಿ, ಆದರೆ ಹೊರಡುವ ಸಮಯವನ್ನು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ ಎಂದು ಬದಲಿಸಿ. ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಕೂತು ನೋಡಿದಾಗ ಬರುವ ‘45 ನಿಮಿಷ’ವೇ ನನ್ನ ತಮ್ಮನನ್ನು ಮೀರಾ ರೋಡಿಗೆ ಕರೆದೊಯ್ದದ್ದು. ಕೊನೆಗೆ ರಸ್ತೆಯ ಚಿತ್ರಗಳನ್ನು ತೆರೆದು ಸ್ಟೇಷನ್ ಬಾಗಿಲಿನಿಂದ ಹೋಟೆಲ್ ತನಕ ಪರದೆಯ ಮೇಲೆ ನಡೆದುಬನ್ನಿ. ಫುಟ್‌ಪಾತ್ ಇದೆಯೇ, ರಾತ್ರಿ ಹೊತ್ತು ತೆರೆದಿರಬಹುದಾದ ಅಂಗಡಿಗಳಿವೆಯೇ, ಪಕ್ಕದಲ್ಲೇ ಮದುವೆ ಮಂಟಪ ಇದೆಯೇ ಎಲ್ಲ ಕಾಣುತ್ತದೆ. ಹತ್ತು ನಿಮಿಷದ ಕೆಲಸ.

ಆಟೊ ಲೆಕ್ಕ ಹಾಕಬೇಡಿ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೊ ಬರುವುದಿಲ್ಲ, ಮಾಟುಂಗಾದಲ್ಲೂ ದಾದರಿನಲ್ಲೂ ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಯೇ. ಮೀಟರ್ ಹಾಕಿಸಿ ಕೂರಿ.

ದಿನಾಂಕವನ್ನೂ ಜಾಗದ ಜೊತೆ ಇಟ್ಟು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರುವವರು ನನ್ನ ಮಾಟುಂಗಾದ ಸಲಹೆಯನ್ನು ಹಾಗೆಯೇ ತೆಗೆದುಕೊಳ್ಳಬಾರದು. ಕಿಂಗ್ಸ್ ಸರ್ಕಲ್ ಹತ್ತಿರದ ಗಾಂಧಿ ಮಾರ್ಕೆಟ್, ಪರೇಲ್-ದಾದರ್ ನಡುವಿನ ಹಿಂದ್‌ಮಾತಾ ಜೋರು ಮಳೆಗೆ ನೀರು ನಿಲ್ಲುವ ಜಾಗಗಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡ ಯಾರನ್ನಾದರೂ ಕೇಳಿ, ಮಳೆಗಾಲದಲ್ಲಿ ತಗ್ಗಿನ ಬೀದಿಯಲ್ಲಿ ರೂಮು ಹಿಡಿಯಬೇಡಿ ಎನ್ನುತ್ತಾರೆ. ಗಣೇಶೋತ್ಸವದ ದಿನಗಳಲ್ಲಿ ಲಾಲ್‌ಬಾಗ್, ಪರೇಲ್ ಬೇಡ. ಡಿಸೆಂಬರ್ 6ಕ್ಕೆ ದಾದರಿನಲ್ಲಿರುವ ಬಾಬಾಸಾಹೇಬ ಅಂಬೇಡ್ಕರರ ಸ್ಮಾರಕ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ಆ ದರ್ಶನಕ್ಕೇ ಬರುವವರು ತಿಂಗಳುಗಟ್ಟಲೆ ಮುಂಚೆ ದಾದರ್ ನೋಡಿಕೊಳ್ಳಲಿ, ಉಳಿದವರು ಆ ವಾರ ಬಿಡಲಿ.

4. ಫೋನು ಮಾಡಿ ಕೇಳಬೇಕಾದ್ದು

ರೂಮಿನ ಕಿಟಕಿ ಬೀದಿಗೆ ತೆರೆಯುತ್ತದೋ, ಎರಡು ಕಟ್ಟಡಗಳ ಸಂದಿಗೋ? ಲಿಫ್ಟ್ ಉಂಟೋ? ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೋ? ಚೆಕ್-ಔಟ್ 24 ತಾಸಿನದೋ, ಮಧ್ಯಾಹ್ನ 12ರದೋ? ಮಂಗಳೂರು ಕಡೆಯಿಂದ ಮತ್ಸ್ಯಗಂಧದಲ್ಲಿ ಬರುವವರು ಬೆಳ್ಳಂಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ಹನ್ನೆರಡರ ಲೆಕ್ಕದ ರೂಮಾದರೆ ಅಲ್ಲಿಯ ತನಕ ಸಾಮಾನು ಎಲ್ಲಿ, ಸ್ನಾನ ಎಲ್ಲಿ? ಹಳೆಯ ಲಾಡ್ಜುಗಳಲ್ಲಿ 24 ತಾಸಿನ ಲೆಕ್ಕ ಇನ್ನೂ ಸಿಗುತ್ತದೆ, ರೈಲಿನಲ್ಲಿ ಬರುವವರಿಗೆ ಅದೇ ಮೇಲು.

ಅಗಲ ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ಹತ್ತಡಿ ರೂಮು ಹಾಲ್‌ನಂತೆ ಕಾಣುತ್ತದೆ. ರೂಮು ಎಷ್ಟು ಅಡಿ, ಮೂರನೆಯವರಿಗೆ ಹಾಸಿಗೆ ಹಾಸಿದ ಮೇಲೆ ಬಾಗಿಲು ತೆರೆಯುತ್ತದೆಯೇ ಎಂದು ನೇರವಾಗಿ ಕೇಳಿ.

ಇನ್ನೊಂದು ಎಚ್ಚರಿಕೆ. ಹುಡುಕಾಟದಲ್ಲಿ ಸಿಗುವ ಎಲ್ಲ ಫೋನ್ ನಂಬರುಗಳೂ ಹೋಟೆಲಿನದ್ದಲ್ಲ. ಹೋಟೆಲಿನ ಹೆಸರಲ್ಲಿ ನಕಲಿ ಪುಟ ಮಾಡಿ ಪೂರ್ತಿ ಹಣ ಮುಂಗಡ ಕಟ್ಟಿಸಿಕೊಳ್ಳುವವರಿದ್ದಾರೆ. ಯುಪಿಐ ಮಾಡುವಾಗ ಪರದೆಯಲ್ಲಿ ಹೋಟೆಲಿನ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಸ್ಟೇಷನ್ ಹೊರಗೆ ಬ್ಯಾಗಿಗೆ ಕೈ ಹಾಕಿ "ಸಸ್ತಾ ರೂಮ್" ಎನ್ನುವವರ ಹಿಂದೆ ಹೋಗಲೇಬೇಡಿ. ರೂಮಿನ ಜೊತೆ ಒಂದು ದಿನದ ‘ಮುಂಬಯಿ ದರ್ಶನ’ ಬಸ್ಸನ್ನು ಸೇರಿಸಿ ಮಾರುವುದೂ ಉಂಟು. ನನ್ನ ಅತ್ತೆ-ಮಾವ ಹಾಗೆ ಹೋಗಿ ಹಾಜಿ ಅಲಿಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಬಂದರು. ವಾರವಿಡೀ ಇರುವವರಿಗೆ ಅದರ ಅಗತ್ಯವಿಲ್ಲ.

5. ನೆಂಟರ ಮನೆ

ಮುಂಬಯಿಯ ಮನೆಗಳಲ್ಲಿ ಪ್ರೀತಿಗೆ ಕಡಿಮೆಯಿಲ್ಲ, ಜಾಗಕ್ಕೆ ಕಡಿಮೆ. ಒಂದು ಹಾಲ್, ಒಂದು ಬೆಡ್‌ರೂಮಿನ ಮನೆಯಲ್ಲಿ ಆರೂವರೆಯ ಲೋಕಲ್ ಹಿಡಿಯುವವರಿರುತ್ತಾರೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ಬಾಯಿಬಿಟ್ಟು ಬೇಡ ಎನ್ನಲು ಅವರಿಂದ ಆಗದು. ಏಳು ರಾತ್ರಿಯೂ ಅಲ್ಲೇ ಇರದೆ ಶನಿವಾರ ಒಂದು ರಾತ್ರಿ ಹೋಗಿ, ಭಾನುವಾರದ ಊಟ ಮುಗಿಸಿ ಬನ್ನಿ.

6. ಹಣ ಕಟ್ಟುವುದು

ಏಳು ರಾತ್ರಿಗೂ ರೂಮು ಒಂದೇ ಕಡೆ ಇರಲಿ. ಎರಡು ಕಡೆ ಹಂಚಿದರೆ ಗಂಟು ಕಟ್ಟಿ ಬಿಚ್ಚುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆದರೆ ಏಳಕ್ಕೂ ಒಟ್ಟಿಗೆ ಹಣ ಕಟ್ಟಬೇಡಿ. ಎರಡು ರಾತ್ರಿಗೆ ಕಟ್ಟಿ, ಉಳಿದ ಐದನ್ನು ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲಿ ಹಿಡಿದಿಡಿ. ಆ ದರ ಸ್ವಲ್ಪ ಹೆಚ್ಚಿರುತ್ತದೆ, ಕೊಡಿ. ತಲುಪಿದ ದಿನ ಸಾಮಾನು ಮೇಲೆ ಸಾಗಿಸುವ ಮುಂಚೆ ಒಬ್ಬರು ಹೋಗಿ ರೂಮು ನೋಡಿ: ಬಿಸಿನೀರಿನ ನಲ್ಲಿ ತಿರುಗಿಸಿ, ಚಿಲಕ ಹಾಕಿ, ಕಿಟಕಿ ತೆರೆಯಿರಿ. ಹಿಡಿಸದಿದ್ದರೆ ಆಗಲೇ ಬೇರೆ ರೂಮು ಕೇಳಿ. ಮೊದಲ ರಾತ್ರಿ ಅಜ್ಜಿಗೆ ನಿದ್ದೆ ಬಂತೇ ಎಂದು ಬೆಳಿಗ್ಗೆ ವಿಚಾರಿಸಿ, ಬಂತು ಎಂದರೆ ಕೆಳಗೆ ಹೋಗಿ ಉಳಿದ ಐದು ರಾತ್ರಿಯನ್ನು ಖಚಿತ ಮಾಡಿ.