ಮಧ್ಯಾಹ್ನವಾದರೆ ಹ್ಯಾಂಗ್ ಆಗುತ್ತಿದ್ದ ಸಿಸ್ಟಮ್

ತಾಲ್ಲೂಕು ಕಚೇರಿ ಎದುರು ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಅರ್ಜಿ ಟೈಪ್ ಮಾಡುವುದು, ಪಹಣಿ, ರೇಷನ್ ಕಾರ್ಡ್ ಸ್ಕ್ಯಾನ್ ಮಾಡಿಕೊಡುವುದು ದಿನದ ಕೆಲಸ. ಸುಮಾರು ಒಂದು ತಿಂಗಳು, ಹನ್ನೆರಡರ ಆಸುಪಾಸಿಗೆ ಸಿಸ್ಟಮ್ ಹ್ಯಾಂಗ್ ಆಗುತ್ತಿತ್ತು. ಜನ ಸಾಲುಗಟ್ಟುವ ಹೊತ್ತೂ ಅದೇ. "ಇನ್ನೂ ಎಷ್ಟೊತ್ತಪ್ಪ, ಬಸ್ಸು ಹೋಗ್ಬಿಡುತ್ತೆ" ಎಂದು ಅಜ್ಜಿಯೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪವರ್ ಬಟನ್ ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತಿತ್ತು, ಆದರೆ ಅರ್ಧ ಟೈಪ್ ಮಾಡಿದ ಅರ್ಜಿ ಹೋಗಿರುತ್ತಿತ್ತು.

ಧೂಳು ತೆಗೆಸಿದೆ, ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಚಿಪ್) ಕಳಚಿ ಒರೆಸಿ ಹಾಕಿದೆ, ವೈರಸ್ ಇದೆಯೇ ಎಂದು ನೋಡಿದೆ. ರಿಪೇರಿಯವರು ಫಾರ್ಮ್ಯಾಟ್ ಮಾಡೋಣ ಎಂದರು. ನಾನು ಒಪ್ಪಲಿಲ್ಲ. ಹ್ಯಾಂಗ್ ಆದಾಗಲೂ ಮೌಸ್ ಬಾಣ ಅಲ್ಲಾಡುತ್ತಿತ್ತು. ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿಣುಕುವುದು ಬಿಟ್ಟು ಒಂದೇ ಸಮನೆ ಉರಿಯುತ್ತಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಡಿಸ್ಕ್ ನಿಧಾನ, ಹಾಗಾಗಿ ಎಲ್ಲವೂ ನಿಂತಂತೆ ಕಾಣುತ್ತದೆ. ನನ್ನ ಸಿಸ್ಟಮ್‌ನಲ್ಲಿದ್ದದ್ದು ಬರೀ 4 ಜಿಬಿ.

ಮಾರನೇ ದಿನ ಬಾಗಿಲು ತೆಗೆದ ತಕ್ಷಣ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಮೊದಲ ದಿನ ಮೋಸ ಹೋದೆ: ಮಧ್ಯಾಹ್ನ ಪಟ್ಟಿಯ ಮೇಲೆ ಬ್ರೌಸರ್ ಇತ್ತು. ಅಲ್ಲಿನ ಮೆಮೊರಿ ಕಾಲಂ ತೋರಿಸುವುದು ರ‍್ಯಾಮ್‌ನಲ್ಲಿ ಉಳಿದಿರುವಷ್ಟನ್ನು ಮಾತ್ರ. ಡಿಸ್ಕಿಗೆ ಹೋದದ್ದು ಲೆಕ್ಕಕ್ಕಿಲ್ಲ. ಹೆಚ್ಚು ಹಿಡಿದಿಟ್ಟುಕೊಂಡವನೇ ಅಮಾಯಕನಂತೆ ಕೆಳಗೆ ಕೂತಿರುತ್ತಾನೆ. ಡೀಟೇಲ್ಸ್‌ಗೆ ಹೋಗಿ, ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕಿಗೆ ಹೋದದ್ದನ್ನೂ ಸೇರಿಸಿ ಲೆಕ್ಕ ತೋರಿಸುವ 'ಕಮಿಟ್ ಸೈಜ್' ಸೇರಿಸಿಕೊಂಡೆ. ಈ ಒಂದು ಕಾಲಂ ಎಲ್ಲರಿಗೂ ಗೊತ್ತಿರಬೇಕು.

ಆಗ ಸಿಕ್ಕಿತು. ಗಡಿಯಾರದ ಪಕ್ಕ ಸುಮ್ಮನೆ ಕೂತಿರುವ, ಸ್ಕ್ಯಾನರ್ ಜೊತೆ ಬಂದ ಪುಟ್ಟ ಪ್ರೋಗ್ರಾಂ. ಒಂದು ಹಾಳೆ ಸ್ಕ್ಯಾನ್ ಮಾಡಿದೆ, 25 ಎಂಬಿ ಏರಿತು. ಇನ್ನೊಂದು, ಮತ್ತೆ 25. ಇಳಿಯಲೇ ಇಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದೆ: 300 ಡಿಪಿಐ (ಇಂಚಿಗೆ 300 ಚುಕ್ಕಿ) ಬಣ್ಣದ ಎ4 ಎಂದರೆ 2480 ಗುಣಿಸು 3508 ಚುಕ್ಕಿ, ಒಂದಕ್ಕೆ 3 ಬೈಟ್, ಸರಿಯಾಗಿ ಅಷ್ಟೇ. ಸ್ಕ್ಯಾನ್ ಮಾಡಿದ ಪ್ರತಿ ಹಾಳೆಯನ್ನೂ ಅದು ಬಿಡದೆ ಹಿಡಿದುಕೊಂಡಿತ್ತು. ಅರವತ್ತು ಹಾಳೆಗೆ ಒಂದೂವರೆ ಜಿಬಿ, ನಮ್ಮಲ್ಲಿ ಮಧ್ಯಾಹ್ನದೊಳಗೆ ಆಗುವಷ್ಟು.

ಎಂಡ್ ಟಾಸ್ಕ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಮತ್ತೆ ಮಿಣುಕತೊಡಗಿತು. ಆಮೇಲೆ ಸಿಸ್ಟಮ್ ಆನ್ ಆದಾಗ ತಾವೇ ಶುರುವಾಗುವ ಪ್ರೋಗ್ರಾಂಗಳ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ಡಿಸೇಬಲ್ ಮಾಡಿದೆ, ಸ್ಕ್ಯಾನರ್ ಜೊತೆ ವಿಂಡೋಸ್ ಮಾತಾಡಲು ಬೇಕಾದ ಡ್ರೈವರ್ ಮಾತ್ರ ಉಳಿಸಿಕೊಂಡೆ. ಈಗ ಸ್ಕ್ಯಾನ್ ಮಾಡುವುದು ವಿಂಡೋಸ್‌ನಲ್ಲೇ ಇರುವ 'ಫ್ಯಾಕ್ಸ್ ಅಂಡ್ ಸ್ಕ್ಯಾನ್'ನಿಂದ. ಸ್ಕ್ಯಾನರ್ ಮೇಲಿನ ಗುಂಡಿ ಕೆಲಸ ಮಾಡುವುದಿಲ್ಲ, ಪ್ರತಿ ಹಾಳೆಗೂ ಪರದೆಯ ಮೇಲೆ ಕ್ಲಿಕ್ ಮಾಡಬೇಕು. ಸಂಜೆ ಅಂಗಡಿ ಮುಚ್ಚುವವರೆಗೂ ಸಿಸ್ಟಮ್ ಆಫ್ ಮಾಡುವ ಪ್ರಮೇಯ ಬಂದಿಲ್ಲ.